ತೋಟದ ಘಮದ ಸೊಪ್ಪುಗಳಿಂದ ಅಡುಗೆ, ಬೇಕಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಪುದೀನ, ಕಾಮಕಸ್ತೂರಿ, ಥೈಮ್, ರೋಸ್ಮರಿ ಬೆಳೆಸುವುದು ಅಂಥ ಕಷ್ಟವೇನಲ್ಲ. ಒಂದು ಕುಂಡ, ಒಳ್ಳೆ ಬಿಸಿಲು ಇದ್ದರೆ ಬರುತ್ತವೆ. ತೊಂದರೆ ಶುರುವಾಗುವುದು ಕಿತ್ತು ಅಡುಗೆಮನೆಗೆ ತಂದ ಮೇಲೆ. ಗಿಡದ ಹತ್ತಿರ ಮೂಗು ಒಡ್ಡಿದರೆ ಘಮಘಮ, ಅದೇ ಎಲೆ ಕೇಕಿಗೆ ಹಾಕಿದರೆ ವಾಸನೆಯೇ ಇಲ್ಲ. ಇಲ್ಲವೇ ಕಹಿ. ಈ ವಿಷಯದಲ್ಲಿ ನನ್ನನ್ನು ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು, ನಾನೇ ಮಾಡಿ ಕಲಿತ ಉತ್ತರಗಳ ಜೊತೆ ಇಲ್ಲಿ ಬರೆದಿದ್ದೇನೆ.

ಎಲೆಯಲ್ಲಿ ಘಮ ಇರುವುದು ಎಲ್ಲಿ?

ಎಣ್ಣೆಯಲ್ಲಿ. ಅಡುಗೆ ಎಣ್ಣೆಯಂಥದ್ದಲ್ಲ, ಬೇಗ ಆವಿಯಾಗಿ ಹೋಗುವ ಎಣ್ಣೆ. ಒಂದು ಪುದೀನ ಎಲೆ ಕಿತ್ತು ಹಿಂಬದಿ ತಿರುಗಿಸಿ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಸೂಜಿಮೊನೆಯಷ್ಟು ಸಣ್ಣ, ಹೊಳೆಯುವ ಚುಕ್ಕಿಗಳು ಕಾಣುತ್ತವೆ. ಒಂದೊಂದೂ ಎಣ್ಣೆ ತುಂಬಿದ ಪುಟ್ಟ ಚೀಲ. ಬೆರಳಿನಿಂದ ಉಜ್ಜಿದರೆ ಆ ಚೀಲ ಒಡೆಯುತ್ತದೆ, ಘಮ ಹೊರಗೆ ಬರುತ್ತದೆ.

ಪುದೀನ, ಕಾಮಕಸ್ತೂರಿ, ಥೈಮ್, ರೋಸ್ಮರಿ, ಸೇಜ್, ಮರುಗ, ಲ್ಯಾವೆಂಡರ್ ಎಲ್ಲವೂ ಒಂದೇ ಕುಟುಂಬದ ಗಿಡಗಳು. ಇವುಗಳ ಎಣ್ಣೆ ಚೀಲ ಎಲೆಯ ಮೇಲ್ಮೈಯಲ್ಲೇ ಇರುತ್ತದೆ. ಅದಕ್ಕೇ ಸುಮ್ನೆ ಕೈ ಸವರಿದರೂ ಘಮ ಏಳುತ್ತದೆ. ಕರಿಬೇವು, ಮಜ್ಜಿಗೆ ಹುಲ್ಲು, ಬೇ ಎಲೆಗಳಲ್ಲಿ ಎಣ್ಣೆ ಎಲೆಯ ಒಳಗೆ ಅಡಗಿರುತ್ತದೆ. ಅವನ್ನು ಮುರಿಯಬೇಕು, ಜಜ್ಜಬೇಕು, ಇಲ್ಲವೇ ಜಾಸ್ತಿ ಹೊತ್ತು ಬೇಯಿಸಬೇಕು.

ಈ ಎಣ್ಣೆಯ ಎರಡು ಗುಣ ನೆನಪಿಡಿ. ಬಿಸಿ ತಾಗಿದರೆ ಹಾರಿಹೋಗುತ್ತದೆ. ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಬೆಣ್ಣೆ, ಎಣ್ಣೆ, ಕೆನೆಯಲ್ಲಿ ಚೆನ್ನಾಗಿ ಕರಗುತ್ತದೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ಎರಡು ಮಾತಿನಿಂದಲೇ ಬಂದಿವೆ.

ಸೊಪ್ಪು ಯಾವ ಹೊತ್ತಿನಲ್ಲಿ ಕೀಳಬೇಕು?

ಬೆಳಿಗ್ಗೆ. ಎಲೆಯ ಮೇಲಿನ ಇಬ್ಬನಿ ಆರಿರಬೇಕು, ಬಿಸಿಲು ಇನ್ನೂ ಏರಿರಬಾರದು. ಮಧ್ಯಾಹ್ನದ ಬಿಸಿಲಿಗೆ ಎಲೆ ಬಾಡುತ್ತದೆ, ಘಮವೂ ಒಂದಿಷ್ಟು ಹಾರಿಹೋಗಿರುತ್ತದೆ.

ಹೂ ಬಿಡುವ ಮುಂಚೆ, ಮೊಗ್ಗು ಕಾಣುವ ಹೊತ್ತಿಗೆ ಘಮ ಚೆನ್ನಾಗಿರುತ್ತದೆ. ಕಾಮಕಸ್ತೂರಿಯನ್ನು ಮಾತ್ರ ಹೂ ಬಿಡಲು ಬಿಡಬೇಡಿ. ಹೂ ಬಂದ ಮೇಲೆ ಎಲೆ ಸಣ್ಣದಾಗುತ್ತದೆ, ರುಚಿ ಕಹಿಗೆ ತಿರುಗುತ್ತದೆ. ತುದಿಯನ್ನು ಎರಡು ಎಲೆ ಕೂಡುವ ಗಿಣ್ಣಿನ ಸ್ವಲ್ಪ ಮೇಲೆ ಚಿವುಟಿ. ಆ ಗಿಣ್ಣಿನಿಂದ ಎರಡು ಹೊಸ ಕವಲು ಒಡೆಯುತ್ತವೆ. ಹೀಗೆ ಚಿವುಟುತ್ತಾ ಹೋದರೆ ಗಿಡ ಪೊದೆಯಾಗುತ್ತದೆ. ಬುಡದಿಂದ ಒಂದೊಂದೇ ದೊಡ್ಡ ಎಲೆ ಕೀಳುತ್ತಾ ಹೋದರೆ ಉದ್ದ ಕಡ್ಡಿ ಮಾತ್ರ ಉಳಿಯುತ್ತದೆ. ಯಾವ ಗಿಡವಾದರೂ ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ.

ಅಡುಗೆ ಶುರುವಿನಲ್ಲೇ ಹಾಕಬೇಕಾ, ಕೊನೆಗಾ?

ಎಲೆಯನ್ನು ಮುಟ್ಟಿ ನೋಡಿ, ಅದೇ ಹೇಳುತ್ತದೆ. ಗಟ್ಟಿ, ದಪ್ಪ, ಕಡ್ಡಿಯಂಥ ಎಲೆಗಳು, ಅಂದರೆ ರೋಸ್ಮರಿ, ಥೈಮ್, ಸೇಜ್, ಬೇ ಎಲೆ, ಶುರುವಿನಲ್ಲೇ ಹೋಗಲಿ. ಇವಕ್ಕೆ ಹೊತ್ತು ಬೇಕು. ಸೂಪ್, ಬೇಯಿಸಿದ ಕಾಳು, ಹುರಿದ ಆಲೂಗಡ್ಡೆ ಯಾವುದರಲ್ಲಾದರೂ ಮೊದಲು ಬಿಸಿ ಎಣ್ಣೆಗೆ ಹಾಕಿ ಅರ್ಧ ನಿಮಿಷ ಬಿಟ್ಟರೆ ಆ ಘಮ ಎಣ್ಣೆಗಿಳಿದು ಇಡೀ ಪಾತ್ರೆಗೆ ಹರಡುತ್ತದೆ.

ಮೆತ್ತಗಿನ ತೆಳು ಎಲೆಗಳು, ಅಂದರೆ ಕೊತ್ತಂಬರಿ, ಕಾಮಕಸ್ತೂರಿ, ಪುದೀನ, ಸಬ್ಬಸಿಗೆ, ಪಾರ್ಸ್ಲಿ, ಒಲೆ ಆರಿಸಿದ ಮೇಲೆ ಬೀಳಲಿ. ಹಾಕಿ, ಮುಚ್ಚಳ ಮುಚ್ಚಿ, ಎರಡು ನಿಮಿಷ ಬಿಡಿ. ಅಷ್ಟು ಸಾಕು.

ನಾನು ಎರಡನ್ನೂ ಸೇರಿಸುತ್ತೇನೆ. ಕೊತ್ತಂಬರಿ ದಂಟು ಮೊದಲೇ, ಎಲೆ ಕೊನೆಗೆ. ದಂಟಿನ ರುಚಿ ತಳದಲ್ಲಿ ನಿಲ್ಲುತ್ತದೆ, ಎಲೆಯ ಘಮ ಬಡಿಸುವಾಗ ಮೂಗಿಗೆ ಬರುತ್ತದೆ.

ಹಸಿ ಸೊಪ್ಪಿನ ಬದಲು ಒಣಗಿದ್ದು ಎಷ್ಟು ಹಾಕಬೇಕು?

ಮೂರಕ್ಕೆ ಒಂದು. ಹಸಿಯದ್ದು 1 ದೊಡ್ಡ ಚಮಚ ಇದ್ದರೆ ಒಣಗಿದ್ದು 1 ಟೀ ಚಮಚ. ಪುಡಿ ಮಾಡಿದ್ದಾದರೆ ಇನ್ನೂ ಕಡಿಮೆ. ಒಣಗಿದ್ದನ್ನು ಹಾಕುವ ಮುಂಚೆ ಅಂಗೈಯಲ್ಲಿ ಉಜ್ಜಿ. ಘಮ ಬಂತಾ? ಹಾಕಿ. ಹುಲ್ಲಿನ ವಾಸನೆ ಬಂತಾ? ಅದರ ಕಾಲ ಮುಗಿದಿದೆ, ಎಷ್ಟು ಹಾಕಿದರೂ ಪ್ರಯೋಜನವಿಲ್ಲ.

ಕೇಕಿಗೆ ಪುದೀನ ಹೆಚ್ಚಿ ಹಾಕಿದೆ. ಘಮವೇ ಬರಲಿಲ್ಲ, ಕಪ್ಪು ಚೂರು ಮಾತ್ರ ಕಂಡವು. ಏನು ತಪ್ಪು?

ಇದು ಎಲ್ಲರಿಗೂ ಆಗುತ್ತದೆ. 180 ಡಿಗ್ರಿ ಓವನ್‌ನಲ್ಲಿ ಮುಕ್ಕಾಲು ಗಂಟೆ ಇಟ್ಟರೆ ತೆಳು ಎಲೆಯ ಘಮ ಅಡುಗೆಮನೆಗೆಲ್ಲ ಹರಡುತ್ತದೆ, ಕೇಕಿನಲ್ಲಿ ಉಳಿಯುವುದಿಲ್ಲ. ಬೇಕಿಂಗ್‌ನಲ್ಲಿ ಎಲೆಯನ್ನು ಹಾಕಬೇಡಿ, ಎಲೆಯ ಘಮವನ್ನು ಬೇರೆ ಯಾವುದರಲ್ಲಾದರೂ ಹಿಡಿದು ಹಾಕಿ. ಅದಕ್ಕೆ ಮೂರು ದಾರಿ ಇವೆ.

ಮೊದಲನೆಯದು ಹಾಲು ಅಥವಾ ಕೆನೆ. 250 ಮಿಲಿ ಕೆನೆಗೆ ಒಂದು ಹಿಡಿ ಪುದೀನ. ಕೆನೆಯನ್ನು ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವ ತನಕ ಮಾತ್ರ ಕಾಯಿಸಿ, ಉಕ್ಕಿಸಬೇಡಿ. ಒಲೆ ಆರಿಸಿ, ಎಲೆ ಮುಳುಗಿಸಿ, ಮುಚ್ಚಿ 20 ನಿಮಿಷ ಬಿಡಿ. ಆಮೇಲೆ ಸೋಸಿ. ಎಲೆ ಸ್ವಲ್ಪ ಕೆನೆ ಹೀರಿಕೊಂಡಿರುತ್ತದೆ, ಹಾಗಾಗಿ ಮತ್ತೆ ಅಳೆದು ಕಡಿಮೆ ಬಿದ್ದಷ್ಟನ್ನು ತುಂಬಿಸಿ. ಈ ಅಳತೆ ಮರೆತರೆ ಕಸ್ಟರ್ಡ್ ಗಟ್ಟಿಯಾಗಿಬಿಡುತ್ತದೆ. ರಾತ್ರಿಯಿಡೀ ಬಿಟ್ಟರೆ ಘಮ ಜಾಸ್ತಿ ಆಗುತ್ತದಲ್ವಾ ಅಂತ ಕೇಳುತ್ತಾರೆ. ಬಿಸಿ ಕೆನೆಯಲ್ಲಿ ಹೊತ್ತು ಜಾಸ್ತಿಯಾದರೆ ಹಸಿ ಸೊಪ್ಪಿನ ಒಗರೂ ಇಳಿಯುತ್ತದೆ. ರಾತ್ರಿಯಿಡೀ ಬಿಡಲೇಬೇಕು ಅಂದರೆ ತಣ್ಣಗಿನ ಕೆನೆಯಲ್ಲಿ, ಫ್ರಿಜ್‌ನಲ್ಲಿ ಬಿಡಿ.

ಎರಡನೆಯದು ಬೆಣ್ಣೆ. ಕರಗಿಸಿ, ಥೈಮ್ ಅಥವಾ ರೋಸ್ಮರಿ ಕಡ್ಡಿ ಹಾಕಿ, ತೀರಾ ಸಣ್ಣ ಉರಿಯಲ್ಲಿ 10 ನಿಮಿಷ ಇಟ್ಟು ಸೋಸಿ, ಮತ್ತೆ ಗಟ್ಟಿಯಾಗಲು ಬಿಡಿ.

ಮೂರನೆಯದು ನನಗೆ ತುಂಬ ಇಷ್ಟವಾದದ್ದು. ಸಕ್ಕರೆ. ಅಳೆದ ಸಕ್ಕರೆಯನ್ನು ಅಗಲ ಬಟ್ಟಲಿಗೆ ಹಾಕಿ. ಮೇಲೆ ಸಣ್ಣಗೆ ಹೆಚ್ಚಿದ ಎಲೆ. ಎರಡನ್ನೂ ಬೆರಳ ತುದಿಯಿಂದ ಉಜ್ಜಿ. ಸಕ್ಕರೆ ಹರಳಿನ ಚೂಪು ಅಂಚು ಎಣ್ಣೆ ಚೀಲಗಳನ್ನು ಕೊರೆದು ಒಡೆಯುತ್ತದೆ. ಮೊದಲು ಸಕ್ಕರೆ ಬಿಳಿ ಇರುತ್ತದೆ, ಒಂದು ನಿಮಿಷಕ್ಕೆ ತೇವದ ಮರಳಿನ ಹಾಗೆ ಅಂಟುತ್ತದೆ, ಎರಡನೇ ನಿಮಿಷಕ್ಕೆ ತಿಳಿ ಹಸಿರು. ಆಗ ಬಟ್ಟಲಿನಿಂದ ಏಳುವ ಘಮಕ್ಕೆ ಪಕ್ಕದ ಕೋಣೆಯವರೂ ಬಂದು ಇಣುಕುತ್ತಾರೆ.

ಹಾಗಾದರೆ ಶುರು ಮಾಡಲು ಒಂದು ಸುಲಭದ ಬೇಕಿಂಗ್ ಹೇಳಿ.

ಥೈಮ್ ಬಿಸ್ಕತ್ತು. ಅಳತೆ ಮರೆಯುವ ಹಾಗೇ ಇಲ್ಲ: ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು, ಮೈದಾ ಮೂರು, ಎಲ್ಲವೂ ತೂಕದಲ್ಲಿ. ಅಂದರೆ 100 ಗ್ರಾಂ ಸಕ್ಕರೆ, 200 ಗ್ರಾಂ ಬೆಣ್ಣೆ, 300 ಗ್ರಾಂ ಮೈದಾ, ಅರ್ಧ ಟೀ ಚಮಚ ಉಪ್ಪು. ಇದಕ್ಕೆ ಕಡ್ಡಿಯಿಂದ ಬಿಡಿಸಿದ ಥೈಮ್ ಎಲೆ 2 ಟೀ ಚಮಚ, ಒಂದು ನಿಂಬೆಹಣ್ಣಿನ ಸಿಪ್ಪೆಯ ಹಳದಿ ಭಾಗದ ತುರಿ.

ಥೈಮ್, ಸಿಪ್ಪೆ ಎರಡನ್ನೂ ಸಕ್ಕರೆಯಲ್ಲಿ ಉಜ್ಜಿ. ಮೆತ್ತಗಿನ ಬೆಣ್ಣೆ ಸೇರಿಸಿ ಕಲಸಿ. ಮೈದಾ, ಉಪ್ಪು ಹಾಕಿ, ಕೂಡಿಕೊಳ್ಳುವಷ್ಟು ಮಾತ್ರ ಕಲಸಿ. ನಾದಬೇಡಿ, ನಾದಿದರೆ ಬಿಸ್ಕತ್ತು ಗಟ್ಟಿಯಾಗುತ್ತದೆ. ಉರುಳೆ ಮಾಡಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಬೆರಳಿನ ಅರ್ಧ ದಪ್ಪಕ್ಕೆ ಕತ್ತರಿಸಿ, 160 ಡಿಗ್ರಿಯಲ್ಲಿ ಸುಮಾರು 20 ನಿಮಿಷ ಬೇಯಿಸಿ. ಅಂಚು ಹೊಂಬಣ್ಣಕ್ಕೆ ಬಂದರೆ ಆಯಿತು. ಬಿಸಿಯಲ್ಲಿ ಮೆತ್ತಗಿರುತ್ತದೆ, ಆರಿದ ಮೇಲೆ ಗರಿಗರಿ. ಇವತ್ತು ಮಾಡಿ ನಾಳೆ ತಿನ್ನಿ. ಒಂದು ರಾತ್ರಿ ಡಬ್ಬಿಯಲ್ಲಿ ಕೂತರೆ ಥೈಮ್ ಘಮ ಬೆಣ್ಣೆಯಲ್ಲಿ ಚೆನ್ನಾಗಿ ಬೆರೆಯುತ್ತದೆ.

ಬ್ರೆಡ್ ಮೇಲೆ ಇಟ್ಟ ರೋಸ್ಮರಿ ಸೀದು ಕಪ್ಪಾಗುತ್ತದೆ.

ಒಣ ಎಲೆ ಇಟ್ಟಿರುತ್ತೀರಿ. ಮೊದಲು ಎಲೆಯನ್ನು ಎಣ್ಣೆಯಲ್ಲಿ ಹೊರಳಿಸಿ, ಆಮೇಲೆ ಹಿಟ್ಟಿನೊಳಗೆ ಬೆರಳಿಂದ ಒತ್ತಿ ಅರ್ಧ ಮುಳುಗಿಸಿ. ತುಂಬ ಜೋರು ಶಾಖದ ಬ್ರೆಡ್ ಆದರೆ ಕೊನೆಯ 10 ನಿಮಿಷಕ್ಕೆ ಹಾಕಿ.

ಹಿಟ್ಟಿನ ಒಳಗೇ ಸೇರಿಸುವುದಾದರೆ 500 ಗ್ರಾಂ ಹಿಟ್ಟಿಗೆ ಒಂದು ದೊಡ್ಡ ಚಮಚ ರೋಸ್ಮರಿ ಸಾಕು, ಸಣ್ಣಗೆ ಹೆಚ್ಚಿರಬೇಕು. ಉದ್ದ ಎಲೆ ಬಾಯಿಗೆ ಚುಚ್ಚುತ್ತದೆ.

ಲ್ಯಾವೆಂಡರ್ ಹಾಕಿದರೆ ಸೋಪು ತಿಂದ ಹಾಗಾಗುತ್ತದೆ. ಯಾಕೆ?

ಎರಡು ಕಾರಣ. ಒಂದು, ಜಾತಿ. ಲ್ಯಾವೆಂಡರ್‌ನಲ್ಲಿ ಹಲವು ಜಾತಿ ಇವೆ. ಅಡುಗೆಗೆ ಇಂಗ್ಲಿಷ್ ಲ್ಯಾವೆಂಡರ್ ಒಳ್ಳೆಯದು, ಅದರ ಘಮ ಸಿಹಿ. ಬೇರೆ ಕೆಲವು ಜಾತಿಗಳಲ್ಲಿ ಕರ್ಪೂರದ ಅಂಶ ಜಾಸ್ತಿ, ನೋಡಲು ಚೆಂದ, ಬಾಯಿಗೆ ಔಷಧಿ. ಎರಡು, ಅಳತೆ. ನಾನು ಮೊದಲ ಸಲ ಒಂದು ಕೇಕಿಗೆ 2 ದೊಡ್ಡ ಚಮಚ ಒಣ ಹೂ ಹಾಕಿದ್ದೆ. ಮನೆಯವರು ಒಂದು ತುತ್ತು ತಿಂದು ತಟ್ಟೆ ಕೆಳಗಿಟ್ಟರು. ಈಗ 1 ಟೀ ಚಮಚ ಹಾಕುತ್ತೇನೆ, ಅದನ್ನೂ ಸಕ್ಕರೆ ಜೊತೆ ಪುಡಿ ಮಾಡಿ ಜರಡಿ ಹಿಡಿದು. ಇಡೀ ಮೊಗ್ಗು ಹಲ್ಲಿಗೆ ಸಿಗಬಾರದು. ನಿಂಬೆ ಅಥವಾ ಜೇನು ಜೊತೆಗಿದ್ದರೆ ಲ್ಯಾವೆಂಡರ್ ಎಷ್ಟೋ ಹಿತವಾಗುತ್ತದೆ.

ಹೂವಿನ ಅಂಗಡಿಯ ಲ್ಯಾವೆಂಡರ್ ಬೇಡವೇ ಬೇಡ. ಅದು ಅಲಂಕಾರಕ್ಕೆ ಬೆಳೆದದ್ದು, ತಿನ್ನಬಾರದ ಕೀಟನಾಶಕ ಹೊಡೆದಿರಬಹುದು.

ನಮ್ಮ ಮನೆಯಲ್ಲಿ ಒಬ್ಬರಿಗೆ ಕೊತ್ತಂಬರಿ ಸೊಪ್ಪೇ ಸೋಪಿನ ವಾಸನೆ ಅಂತೆ. ನೆಪ ಹೇಳುತ್ತಿದ್ದಾರಾ?

ಇಲ್ಲ, ನಂಬಿ. ಕೊತ್ತಂಬರಿ ಎಲೆಯ ಘಮ ಕೊಡುವ ಆಲ್ಡಿಹೈಡ್‌ಗಳಂಥವೇ ಸೋಪಿನಲ್ಲೂ ಇರುತ್ತವೆ. ಮೂಗಿನಲ್ಲಿ ಅವನ್ನು ಹಿಡಿಯುವ ಓಆರ್6ಎ2 ಎಂಬ ಜೀನ್‌ನ ಹತ್ತಿರದ ಒಂದು ವ್ಯತ್ಯಾಸಕ್ಕೂ ಸೋಪಿನ ವಾಸನೆ ಬರುವುದಕ್ಕೂ ನಂಟಿದೆ ಎಂದು ಸಂಶೋಧಕರು 2012ರಲ್ಲಿ ತೋರಿಸಿದರು. ಬಲವಂತ ಮಾಡಬೇಡಿ. ಎಲೆಯನ್ನು ನುಣ್ಣಗೆ ರುಬ್ಬಿ ಸ್ವಲ್ಪ ಹೊತ್ತು ಬಿಟ್ಟರೆ ಆ ವಾಸನೆ ಕಡಿಮೆಯಾಗುತ್ತದೆ. ಅದೂ ಬೇಡ ಅಂದರೆ ಪಾರ್ಸ್ಲಿ ಇದೆ.

ಮಜ್ಜಿಗೆ ಹುಲ್ಲು, ಲೆಮನ್ ಬಾಮ್ ಹಾಕಿದರೆ ಹಾಲು ಒಡೆಯುವುದಿಲ್ವಾ?

ಒಡೆಯುವುದಿಲ್ಲ. ಹಾಲು ಒಡೆಯುವುದು ನಿಂಬೆರಸದ ಹುಳಿಗೆ, ಘಮಕ್ಕಲ್ಲ. ಈ ಎಲೆಗಳಲ್ಲಿ ಇರುವುದು ಸಿಟ್ರಾಲ್. ನಿಂಬೆ ಸಿಪ್ಪೆಯಲ್ಲೂ ಅದೇ ಇದೆ. ಘಮ ನಿಂಬೆಯದ್ದು, ಹುಳಿ ಸೊನ್ನೆ. ಹಾಲಿನ ಸಿಹಿತಿಂಡಿಗೆ ನಿಂಬೆಯ ಘಮ ಬೇಕು ಅಂದರೆ ಇದಕ್ಕಿಂತ ಒಳ್ಳೆಯದಿಲ್ಲ.

ಮಜ್ಜಿಗೆ ಹುಲ್ಲಿನ ಬುಡದ ಬಿಳಿ ದಂಟನ್ನು ಜಜ್ಜಿ, ಗಂಟು ಹಾಕಿ ಹಾಲಿಗೆ ಬಿಡಿ, ಆಮೇಲೆ ತೆಗೆದುಬಿಡಿ. ಹಸಿರು ಗರಿ ಚಹಾಕ್ಕೆ ಚೆನ್ನ. ಗರಿಯ ಅಂಚು ಚೂಪು, ಬೆರಳು ಕುಯ್ದೀತು, ಜೋಪಾನ.

ಒಂದು ಸೊಪ್ಪು ಇಲ್ಲದಿದ್ದರೆ ಅದರ ಬದಲು ಯಾವುದು?

ಒರೆಗಾನೊ ಬದಲು ದೊಡ್ಡಪತ್ರೆ ಧಾರಾಳವಾಗಿ ಹಾಕಬಹುದು. ಕುಟುಂಬ ಒಂದೇ, ಎರಡರಲ್ಲೂ ಕಾರ್ವಕ್ರಾಲ್ ಎಂಬ ಅಂಶವಿದೆ, ಅದೇ ಆ ಖಾರ ಘಮ. ಆದರೆ ದೊಡ್ಡಪತ್ರೆಯ ಎಲೆ ದಪ್ಪ, ನೀರು ಜಾಸ್ತಿ. ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿ ಹಾಕಿ. ಮರುಗವೂ ಆಗುತ್ತದೆ, ಇನ್ನೂ ಮೃದು.

ಬೇಸಿಲ್ ಅಂತ ಅಡುಗೆ ವಿಧಾನಗಳಲ್ಲಿ ಬರುವುದು ನಮ್ಮ ಭಾಷೆಯ ಕಾಮಕಸ್ತೂರಿಯೇ. ತುಳಸಿ ಅದರ ಹತ್ತಿರದ ಸಂಬಂಧಿ, ಆದರೆ ಅದಲ್ಲ. ತುಳಸಿಯಲ್ಲಿ ಯೂಜಿನಾಲ್ ಇರುತ್ತದೆ, ಲವಂಗದಲ್ಲಿ ಇರುವುದೂ ಅದೇ. ಕಾಮಕಸ್ತೂರಿಯಷ್ಟೇ ತುಳಸಿ ಹಾಕಿದರೆ ಲವಂಗದ ಖಾರ ಎಲ್ಲವನ್ನೂ ಮುಚ್ಚುತ್ತದೆ. ಕಾಲು ಭಾಗ ಸಾಕು.

ಬೇ ಎಲೆಯಲ್ಲೂ ಗೊಂದಲವಿದೆ. ಉದ್ದಕ್ಕೆ ಮೂರು ನರ ಇದ್ದರೆ ಅದು ದಾಲ್ಚಿನ್ನಿ ಕುಲದ ಎಲೆ, ಘಮವೂ ಹಾಗೇ. ನಡುವೆ ಒಂದೇ ನರ, ಅದರಿಂದ ಗರಿಯಂತೆ ಕವಲೊಡೆದಿದ್ದರೆ ಲಾರೆಲ್. ಒಂದರ ಬದಲು ಇನ್ನೊಂದು ಹಾಕಿದರೆ ಅಡುಗೆ ಕೆಡುವುದಿಲ್ಲ, ಬೇರೆ ರುಚಿ ಬರುತ್ತದೆ. ಎರಡೂ ಎಷ್ಟು ಬೆಂದರೂ ಮೆತ್ತಗಾಗುವುದಿಲ್ಲ, ಬಡಿಸುವ ಮುಂಚೆ ತೆಗೆಯಿರಿ.

ಕಾಮಕಸ್ತೂರಿ ಫ್ರಿಜ್‌ನಲ್ಲಿಟ್ಟರೆ ಮಾರನೇ ದಿನ ಕಪ್ಪು.

ಅದಕ್ಕೆ ಚಳಿ ಆಗುವುದಿಲ್ಲ. ಹೂಗುಚ್ಛದ ಹಾಗೆ ಒಂದು ಲೋಟ ನೀರಿನಲ್ಲಿ ದಂಟು ಮುಳುಗಿಸಿ ಹೊರಗೇ ಇಡಿ. ಕೆಲವು ದಿನ ಕಳೆದರೆ ಬೇರೂ ಒಡೆಯುತ್ತದೆ, ನೆಟ್ಟುಬಿಡಿ. ಬಾಕಿ ಸೊಪ್ಪುಗಳನ್ನು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್‌ನಲ್ಲಿಡಿ.

ರುಬ್ಬಿದಾಗ ಕಪ್ಪಾಗುವುದು ಬೇರೆ ಕಾರಣಕ್ಕೆ. ಎಲೆ ಒಡೆದಾಗ ಅದರೊಳಗಿನ ಕಿಣ್ವಕ್ಕೆ ಗಾಳಿ ತಾಗುತ್ತದೆ, ಕತ್ತರಿಸಿದ ಸೇಬು ಕಂದಾಗುವ ಹಾಗೆಯೇ. ಕುದಿಯುವ ನೀರಿನಲ್ಲಿ ಎಲೆಯನ್ನು 10 ಸೆಕೆಂಡ್ ಅದ್ದಿ, ತಕ್ಷಣ ಐಸ್ ನೀರಿಗೆ ಹಾಕಿ, ಹಿಂಡಿ, ರುಬ್ಬಿ. ಹಸಿರು ಹಾಗೇ ನಿಲ್ಲುತ್ತದೆ. ಘಮ ಚೂರು ಕಡಿಮೆಯಾಗುತ್ತದೆ. ಆವತ್ತೇ ತಿನ್ನುವುದಾದರೆ ನಾನು ಅದ್ದುವುದಿಲ್ಲ, ಬಣ್ಣಕ್ಕಿಂತ ಘಮ ಮುಖ್ಯ.

ಬಾಟಲಿಯಲ್ಲಿ ಎಣ್ಣೆ ಹಾಕಿ ಅದರೊಳಗೆ ರೋಸ್ಮರಿ ಕಡ್ಡಿ, ಬೆಳ್ಳುಳ್ಳಿ ಇಟ್ಟು ಕಿಟಕಿಯಲ್ಲಿ ಇಡಬಹುದಾ?

ದಯವಿಟ್ಟು ಬೇಡ. ಇದೊಂದು ಉತ್ತರವನ್ನು ಪೂರ್ತಿ ಓದಿ.

ಮಣ್ಣಿನಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಸೊಪ್ಪು, ಬೆಳ್ಳುಳ್ಳಿ ಎರಡಕ್ಕೂ ಅವು ಅಂಟಿರಬಹುದು. ತೊಳೆದರೆ ಪೂರ್ತಿ ಹೋಗುವುದಿಲ್ಲ, ಕುದಿಸಿದರೂ ಸಾಯುವುದಿಲ್ಲ. ಗಾಳಿ ಇರುವಾಗ ಅವು ಸುಮ್ಮನೆ ಇರುತ್ತವೆ. ಎಣ್ಣೆಯಲ್ಲಿ ಮುಳುಗಿಸಿದರೆ ಗಾಳಿ ಇಲ್ಲ, ಹುಳಿ ಇಲ್ಲ, ಹಸಿ ಎಲೆಯಲ್ಲಿ ನೀರಿದೆ, ಕೋಣೆಯ ಬೆಚ್ಚಗೆ ಇದೆ. ಅವು ಬೆಳೆದು ವಿಷ ಮಾಡಲು ಬೇಕಾದದ್ದೆಲ್ಲ ಸಿಕ್ಕ ಹಾಗಾಯಿತು. ಆ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ, ಎಣ್ಣೆ ನೋಡಲು ಚೆನ್ನಾಗಿಯೇ ಇರುತ್ತದೆ. ಜೀವಕ್ಕೇ ಅಪಾಯ.

ಹಸಿ ಸೊಪ್ಪಿನ ಎಣ್ಣೆ ಬೇಕು ಅಂದರೆ ಬೇಕಾದಷ್ಟೇ ಮಾಡಿ, ಸೋಸಿ, ಫ್ರಿಜ್‌ನಲ್ಲಿಟ್ಟು 4 ದಿನದೊಳಗೆ ಮುಗಿಸಿ. ಉಳಿದದ್ದನ್ನು ಫ್ರೀಜರ್‌ಗೆ ಹಾಕಿ. ಪೂರ್ತಿ ಒಣಗಿದ ಸೊಪ್ಪಿನಲ್ಲಿ ನೀರಿಲ್ಲ, ಹಾಗಾಗಿ ಅದು ಎಷ್ಟೋ ಸುರಕ್ಷಿತ. ವಿನೆಗರ್‌ನಲ್ಲಿ ಹಾಕುವುದಾದರೂ ಭಯ ಕಡಿಮೆ, ಅದರ ಹುಳಿಯಲ್ಲಿ ಆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಕಿಟಕಿಯಲ್ಲಿ ಚೆಂದದ ಬಾಟಲಿ ಬೇಕಾದರೆ ವಿನೆಗರ್ ಬಾಟಲಿ ಇಡಿ.

ಒಣಗಿಸಬೇಕಾ, ಫ್ರೀಜ್ ಮಾಡಬೇಕಾ?

ಗಟ್ಟಿ ಎಲೆ ಒಣಗಿಸಿ, ಮೆತ್ತನೆ ಎಲೆ ಫ್ರೀಜ್ ಮಾಡಿ. ಥೈಮ್, ಒರೆಗಾನೊ, ರೋಸ್ಮರಿ, ಬೇ ಎಲೆ ಒಣಗಿದರೂ ಘಮ ಬಿಟ್ಟುಕೊಡುವುದಿಲ್ಲ. ಸಣ್ಣ ಕಟ್ಟು ಕಟ್ಟಿ ನೆರಳಲ್ಲಿ, ಗಾಳಿ ಆಡುವಲ್ಲಿ ತಲೆಕೆಳಗಾಗಿ ನೇತುಹಾಕಿ. ಬಿಸಿಲಿಗೆ ಹಾಕಬೇಡಿ, ಬಣ್ಣವೂ ಹೋಗುತ್ತದೆ, ಘಮವೂ ಹೋಗುತ್ತದೆ. ಬೆರಳಲ್ಲಿ ಮುರಿದರೆ ಚಟ್ ಅನ್ನಬೇಕು. ಡಬ್ಬಿಗೆ ಇಡೀ ಎಲೆ ತುಂಬಿಸಿ, ಬೇಕಾದಾಗ ಪುಡಿ ಮಾಡಿಕೊಳ್ಳಿ. ಒಂದು ವರ್ಷದೊಳಗೆ ಮುಗಿಸಿ.

ಕೊತ್ತಂಬರಿ, ಕಾಮಕಸ್ತೂರಿ ಒಣಗಿದರೆ ಏನೂ ಉಳಿಯುವುದಿಲ್ಲ. ಸಣ್ಣಗೆ ಹೆಚ್ಚಿ ಐಸ್ ಟ್ರೇಗೆ ತುಂಬಿ, ಮೇಲೆ ಎಣ್ಣೆ ಅಥವಾ ಕರಗಿಸಿದ ಬೆಣ್ಣೆ ಸುರಿದು ಫ್ರೀಜ್ ಮಾಡಿ. ಒಂದೊಂದು ತುಂಡನ್ನು ಕರಗಿಸದೆ ನೇರ ಬಾಣಲೆಗೆ ಹಾಕಬಹುದು.

ಹೂವನ್ನೂ ತಿನ್ನಬಹುದಾ?

ತಿನ್ನುವ ಸೊಪ್ಪಿನ ಗಿಡಗಳಲ್ಲಿ ಸಾಮಾನ್ಯವಾಗಿ ಹೌದು. ಥೈಮ್, ಪುದೀನ, ರೋಸ್ಮರಿ, ಕೊತ್ತಂಬರಿ ಹೂಗಳಲ್ಲಿ ಎಲೆಯದ್ದೇ ರುಚಿ, ಸ್ವಲ್ಪ ಮೆಲ್ಲಗೆ. ಬೇಯಿಸಬೇಡಿ, ಮೇಲೆ ಉದುರಿಸಿ.

ಆದರೆ ಗುರುತು ಖಚಿತವಿಲ್ಲದ ಗಿಡವನ್ನು ಘಮ ಚೆನ್ನಾಗಿದೆ ಅಂತ ಬಾಯಿಗೆ ಹಾಕಬೇಡಿ. ಫಾಕ್ಸ್‌ಗ್ಲೋವ್ ಎಲೆಯನ್ನು ಕಾಂಫ್ರಿ ಅಂತ ತಪ್ಪು ತಿಳಿದು ಚಹಾ ಮಾಡಿ ಕುಡಿದವರಿದ್ದಾರೆ. ಫಾಕ್ಸ್‌ಗ್ಲೋವ್ ಹೃದಯಕ್ಕೆ ವಿಷ. ಗರ್ಭಿಣಿಯರು, ದಿನಾ ಔಷಧಿ ತೆಗೆದುಕೊಳ್ಳುವವರು ಅಡುಗೆಯಷ್ಟು ಸೊಪ್ಪು ತಿಂದರೆ ತೊಂದರೆಯಿಲ್ಲ. ಕಷಾಯ, ಎಣ್ಣೆ ಅಂತ ಜಾಸ್ತಿ ಪ್ರಮಾಣಕ್ಕೆ ಹೋಗುವ ಮುಂಚೆ ವೈದ್ಯರನ್ನು ಕೇಳಿ.

ಎಲೆ ಬಿಡಿಸಿದ ಮೇಲೆ ಉಳಿಯುವ ಕಡ್ಡಿ ಬಿಸಾಡಬೇಕಾ?

ಯಾಕೆ ಬಿಸಾಡುತ್ತೀರಿ? ಥೈಮ್ ಕಡ್ಡಿ ಕಟ್ಟಿ ಸೂಪಿಗೆ ಹಾಕಿ, ಕೊನೆಗೆ ತೆಗೆಯಿರಿ. ಪುದೀನ ದಂಟನ್ನು ಸಕ್ಕರೆ ಪಾಕಕ್ಕೆ ಮುಳುಗಿಸಿದರೆ ಶರಬತ್ತಿಗೆ ಆಗುತ್ತದೆ. ರೋಸ್ಮರಿಯ ಗಟ್ಟಿ ಕಡ್ಡಿಯ ತುದಿ ಚೂಪು ಮಾಡಿ ತರಕಾರಿ ಪೋಣಿಸಿ ಸುಡಿ. ಕಡ್ಡಿಯ ಘಮ ಒಳಗಿನಿಂದ ತರಕಾರಿಗೆ ಹತ್ತುತ್ತದೆ. ಸುಡುವ ಮುಂಚೆ ಅರ್ಧ ಗಂಟೆ ಅದನ್ನು ನೀರಿನಲ್ಲಿ ನೆನೆಸಿಡಿ, ಇಲ್ಲದಿದ್ದರೆ ಕಡ್ಡಿಗೇ ಬೆಂಕಿ ಹತ್ತುತ್ತದೆ.